ತಿಂಡಿಯ ಪಟ್ಟಿ ಹೇಳುತ್ತಾ ನಡೆದದ್ದು

ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಹಿಂದಿನಿಂದ ಯಾರೋ ಕೂಗಿದರು, "ಓ ಶೇಠ್, ಚಪ್ಪಲ್!" ತಿರುಗಿ ನೋಡಿದೆ. ನನ್ನ ಎಡಗಾಲಿನ ಚಪ್ಪಲಿ ನಾಲ್ಕು ಮೆಟ್ಟಿಲು ಕೆಳಗೆ ಬಿದ್ದಿತ್ತು. ಬರಿಗಾಲಲ್ಲಿ ಹತ್ತಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಎಂಆರ್‌ಐ, ಬೆನ್ನಿನಿಂದ ನೀರು ತೆಗೆದದ್ದು, ಥಾಣೆಯ ನ್ಯೂರಾಲಜಿಸ್ಟ್.

ಮಲ್ಟಿಪಲ್ ಸ್ಕ್ಲೆರೋಸಿಸ್.

ನರಗಳ ಆ ಕಾಯಿಲೆಯ ಹೆಸರನ್ನು ಸರಿಯಾಗಿ ಹೇಳಲು ನನಗೆ ಒಂದು ವಾರ ಬೇಕಾಯಿತು. ನಮ್ಮದು ಉಡುಪಿ ಕಡೆಯವರ ಸಣ್ಣ ಹೋಟೆಲು. ಮಾಲೀಕನೆಂದು ನಾನು ಕುಳಿತವನಲ್ಲ. ಇಪ್ಪತ್ತೆರಡು ವರ್ಷ ಟೇಬಲ್ಲುಗಳ ನಡುವೆ ನಡೆದೇ ಬದುಕಿದವನು. ಕಾಲು ಹೋದರೆ ನಾನು ಯಾರು? ಹೆದರಿಕೆ ಇದ್ದದ್ದು ಅದೊಂದೇ.

ಡಾಕ್ಟರು ಆರು ತಿಂಗಳಿಗೊಮ್ಮೆ ನಡಿಗೆ ಅಳೆಸುತ್ತಿದ್ದರು. ಫಿಸಿಯೋಥೆರಪಿಸ್ಟ್ ಹುಡುಗಿ ಸೊಂಟಕ್ಕೊಂದು, ಪಾದಗಳಿಗೆ ಒಂದೊಂದು ಸೆನ್ಸರ್ ಕಟ್ಟುತ್ತಿದ್ದಳು. ವೇಗ ಮಾತ್ರವಲ್ಲ, ಹೆಜ್ಜೆ ಎಷ್ಟು ಉದ್ದ, ಪಾದ ಎಷ್ಟು ಏಳುತ್ತದೆ, ಮೈ ಎಷ್ಟು ಓಲಾಡುತ್ತದೆ, ಎಲ್ಲವೂ ಕಂಪ್ಯೂಟರಿಗೆ. ಕೊನೆಯ ಸುತ್ತಿನಲ್ಲಿ ಮನಸ್ಸಿಗೂ ಕೆಲಸ ಕೊಡಬೇಕಂತೆ, ನಿಜವಾದ ನಡಿಗೆ ಆಗಲೇ ಹೊರಬೀಳುವುದಂತೆ. ತಿಂಡಿಗಳ ಹೆಸರು ಹೇಳುತ್ತಾ ನಡೆಯಿರಿ ಕಾಕಾ, ಎಂದಳು.

ನನಗೆ ನಗು ಬಂತು. ಹೋಟೆಲಿನವನಿಗೆ ಕೇಳುವ ಪ್ರಶ್ನೆಯೇ ಇದು! ಇಡ್ಲಿ, ವಡೆ, ಬನ್ಸ್, ಗೋಳಿಬಜೆ, ಸೆಟ್ ದೋಸೆ... ಬಾಯಿ ತಾನಾಗಿ ಹೇಳುತ್ತಾ ಹೋಯಿತು. ನಾನು ಪೂರ್ತಿ ಗಮನ ಕಾಲಿನ ಮೇಲಿಟ್ಟು, ಒಂದೊಂದೇ ಪಾದ ಎತ್ತಿ ಇಟ್ಟೆ. ರಿಪೋರ್ಟು ಚೆನ್ನಾಗಿ ಬಂತು. ಡಾಕ್ಟರು ಅದೇ ಮಾತ್ರೆ ಮುಂದುವರಿಸಿ ಎಂದರು. ನನ್ನ ಕೆಲಸ ಏನೆಂದು ಆ ಹುಡುಗಿ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೊರಗೆ ಬಂದ ಮೇಲೆ ಹೆಂಡತಿ ಶಶಿಕಲಾ ಗದರಿದಳು. "ಮನೆಯಲ್ಲಿ ಗೋಡೆ ಹಿಡಿದು ನಡೆಯುವವರು ನೀವು. ಅಲ್ಲಿ ಎಂತ ನಾಟಕ ಮಾರಾಯ್ರೇ?"

"ಸುಮ್ಮನಿರು ನೀನು. ಪಾಸಾಯ್ತಲ್ಲ," ಎಂದೆ.

ಮೂರು ವಾರ ಕಳೆದಿತ್ತು. ಬೆಳಗಿನ ರಶ್ಶು. ಕೈಯಲ್ಲಿ ಸಾಂಬಾರಿನ ಬಕೆಟ್ಟು. ಕಾಲೇಜಿಗೆ ಹೊರಟ ಮಗಳು ಪ್ರಜ್ಞಾ ಮೂಲೆಯ ಟೇಬಲ್ಲಿನಲ್ಲಿ ಇಡ್ಲಿ ತಿನ್ನುತ್ತಿದ್ದಳು. ಪಕ್ಕದ ಗಿರಾಕಿ ಎರಡು ಮಸಾಲೆ ದೋಸೆ ಹೇಳಿದರು, ಒಂದಕ್ಕೆ ಈರುಳ್ಳಿ ಬೇಡ ಎಂದರು. ಅದನ್ನು ನೆನಪಿಟ್ಟುಕೊಳ್ಳುತ್ತಾ ತಿರುಗಿದೆ. ಎಡಪಾದ ಏಳಲಿಲ್ಲ.

ಕುದಿಯುವ ಸಾಂಬಾರು ಮಗಳ ಕಾಲಿನ ಮೇಲೆ ಬಿತ್ತು.

ಅವಳ ಕೂಗು ಇನ್ನೂ ಕಿವಿಯಲ್ಲಿದೆ. ಬ್ಯಾಂಡೇಜು ಕಟ್ಟಿಸಿಕೊಂಡು ಬಂದವಳು ನನಗೇ ಸಮಾಧಾನ ಹೇಳಿದಳು: "ಪಪ್ಪಾ, ಕುಛ್ ನಹೀ ಹುವಾ." ಮನೆಯಲ್ಲಿ ಇಬ್ಬರು ಕುಂಟುವವರಾದೆವು. ನನ್ನದು ಕಾಯಿಲೆ. ಅವಳದು ನನ್ನ ಸುಳ್ಳಿನ ಫಲ. ನನ್ನ ಹಾಗೆಯೇ ಅವಳೂ ಬಾತ್‌ರೂಮಿಗೆ ಗೋಡೆ ಹಿಡಿದು ಹೋಗುತ್ತಿದ್ದಳು.

ನಾನೇ ಹೇಳಿ ಪರೀಕ್ಷೆ ಮತ್ತೆ ಮಾಡಿಸಿದೆ. ನಾನು ಹೋಟೆಲಿನವನು, ತಿಂಡಿಯ ಪಟ್ಟಿ ನನಗೆ ಬಾಯಿಪಾಠ, ಬೇರೆ ಏನಾದರೂ ಕೊಡಿ ಎಂದು ಆ ಹುಡುಗಿಯ ಮುಂದೆ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ನೂರರಿಂದ ಏಳೇಳು ಕಳೆಯುತ್ತಾ ನಡೆಯಿರಿ ಎಂದಳು.

ತೊಂಬತ್ತಮೂರು. ಎಂಬತ್ತಾರು. ಎಂಬತ್ತಾರರಲ್ಲಿ ಏಳು...

ಕಾಲು ನಿಂತೇಬಿಟ್ಟಿತು. ಆ ಉದ್ದನೆಯ ಕಾರಿಡಾರಿನ ನಡುವೆ ನಿಂತು ಮಗುವಿನ ಹಾಗೆ ಅತ್ತೆ. ಶಶಿಕಲಾ ಬಂದು ತೋಳು ಹಿಡಿದುಕೊಂಡಳು.

ಈಗ ಔಷಧಿ ಬದಲಾಗಿದೆ. ಎಡಪಾದವನ್ನು ಎತ್ತಿ ಹಿಡಿಯಲು ಪಟ್ಟಿ, ಕೈಗೆ ಕೋಲು. ಬಕೆಟ್ಟು ಹಿಡಿಯುವುದನ್ನು ಬಿಟ್ಟಿದ್ದೇನೆ; ಬೇರೆಯವರು ಬಡಿಸುವುದನ್ನು ಕುಳಿತು ನೋಡುವಾಗ ಸಂಕಟವಾಗುತ್ತದೆ. ಹೋದ ನಡಿಗೆ ಪೂರ್ತಿ ಬರಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಇದ್ದದ್ದು ಉಳಿದರೆ ನನಗೆ ಅದೇ ದೊಡ್ಡದು.

ಪ್ರಜ್ಞಾಳ ಗಾಯ ಮಾಯ್ದಿದೆ, ಕಲೆ ಉಳಿದಿದೆ. ಬೆಳಿಗ್ಗೆ ಅವಳು ಮೆಟ್ಟಿಲಿಳಿಯುವ ಸದ್ದನ್ನು ಬಾಗಿಲ ಬಳಿ ನಿಂತು ಕೇಳುತ್ತೇನೆ. ಎರಡೂ ಕಾಲು ಸಮವಾಗಿ ಬೀಳುತ್ತಿವೆ. ಕೊನೆಯ ಮೆಟ್ಟಿಲವರೆಗೂ ಕೇಳಿಸಿಕೊಂಡೇ ನಾನು ಒಳಗೆ ಬರುವುದು.