ಬಿಸಿಲು ಕಾಯುವ ಬ್ರೇಕು

ಧನುರ್ಮಾಸದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡದ ಮನೆ ಯಾವುದಿದೆ, ನೀವೇ ಹೇಳಿ. ಬಾಟಲಿಯ ಪಕ್ಕದಲ್ಲಿ ಸೈಕಲ್ಲನ್ನೂ ಬಿಸಿಲಿಗೆ ನಿಲ್ಲಿಸುವ ಮನೆ ಮಾತ್ರ ಕ್ಯಾತನಹಳ್ಳಿಯಲ್ಲಿ ನಮ್ಮದೊಂದೇ ಇರಬೇಕು.

ಸೈಕಲ್ಲು ನಮ್ಮಣ್ಣನದು. ದಪ್ಪ ಟೈರಿನ, ಬೆಟ್ಟ ಹತ್ತುವುದಕ್ಕೆಂದೇ ಮಾಡಿದ ಹೊಸ ಮಾದರಿ. ಆದರೆ ನಮ್ಮ ಸುತ್ತ ಬರೀ ಕಬ್ಬಿನ ಗದ್ದೆ. ಹತ್ತಿರದ ಕುಂತಿಬೆಟ್ಟವನ್ನು ಜನ ಏದುಸಿರು ಬಿಡುತ್ತ ಕಾಲಲ್ಲೇ ಹತ್ತುತ್ತಾರೆ. ಅಣ್ಣ ಆ ಸೈಕಲ್ಲಿನಲ್ಲಿ ಏರಿದ ಮಹಾಶಿಖರವೆಂದರೆ ನಾಲೆಯ ಏರಿ.

ಅವನಿಗೆ ಲೋಕದಲ್ಲಿ ನಂಬಿಕೆಯಿದ್ದದ್ದು ಕೊಬ್ಬರಿ ಎಣ್ಣೆಯೊಂದರಲ್ಲೇ. ತಲೆಗೆ, ಬಾಗಿಲ ತಿರುಗಣಿಗೆ, ಹಸುವಿನ ಗಾಯಕ್ಕೆ, ಕೊನೆಗೆ ಬ್ರೇಕಿನ ತಂತಿಗೂ ಅದೇ. ನಾನು ಬೇಡವೆಂದರೆ, “ತಲೆಗೇ ಒಳ್ಳೇದು ಅಂದ್ಮೇಲೆ ತಂತಿಗೆ ಕೆಟ್ಟದಾಯ್ತದೇನ್ಲಾ?” ಎನ್ನುತ್ತಿದ್ದ. ಎನ್ನುತ್ತಲೇ ಇನ್ನೆರಡು ಹನಿ ಬಿಡುತ್ತಿದ್ದ.

ಹೋದ ಆಷಾಢದಲ್ಲಿ ಎದೆನೋವೆಂದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಬ್ರೇಕನ್ನು ಅನುಮಾನಿಸಬೇಡಿ, ಸೈಕಲ್ಲು ಆ ದಿನ ಜಗುಲಿಯ ಮೇಲಿತ್ತು. ಹನ್ನೊಂದನೇ ದಿನ ಎಡೆಗೆ ಮುದ್ದೆ, ಕೋಳಿಸಾರು, ಬೀಡಿಕಟ್ಟು ಎಲ್ಲ ಇಟ್ಟೆವು. ಎಣ್ಣೆ ಬಾಟಲಿ ಇಡುವುದನ್ನೇ ಮರೆತೆವು. ಅದಕ್ಕೇ ಇರಬೇಕು, ಕಾಗೆ ತಡವಾಗಿ ಬಂತು. ಅತ್ತಿಗೆ, “ಸೈಕಲ್ ನೀನೇ ಇಟ್ಕೊ ಕಣಪ್ಪ” ಎಂದರು.

ಹೋದ ವಾರ ಬೆಳಗಿನ ಕೊರೆವ ಚಳಿಯಲ್ಲಿ ಪಾಂಡವಪುರಕ್ಕೆ ಹೊರಟೆ. ಇಳಿಜಾರಿನಲ್ಲಿ ಒತ್ತಿದ ಬ್ರೇಕು ಚಕ್ರವನ್ನು ಕಚ್ಚಿಕೊಂಡದ್ದು ಬಿಡಲೇ ಇಲ್ಲ. ನಡುರಸ್ತೆಯಲ್ಲಿ ಗೂಟ ಹೊಡೆದಂತೆ ನಿಂತೆ. ಹಿಂದೆ ಕಬ್ಬಿನ ಗಾಡಿಯವನು, “ಲೇ, ಫೋಟೋಕ್ಕೆ ನಿಂತಿದ್ದೀಯೇನ್ಲಾ, ದಾರಿ ಬುಡು” ಎಂದ. ಕಚ್ಚಿದ ಚಕ್ರವನ್ನು ಎತ್ತಿ ಹಿಡಿದು ತಳ್ಳಿಕೊಂಡೇ ಸೈಕಲ್ ಶಾಪಿಗೆ ಹೋದೆ.

ಶಾಪಿನ ಬಾಬು ಸಾಬ್ರು ತಂತಿಯ ತುದಿಯನ್ನು ಒಂದಿಷ್ಟು ಎಳೆದರು. ಬೆಣ್ಣೆಯಂಥ ಬಿಳಿ ಹೆಪ್ಪು ಬಂತು. ಮೂಸಿ ನೋಡಿ, “ಯಾ ಅಲ್ಲಾ, ತಲೆಗಾಕೋ ಎಣ್ಣೆ! ಬ್ರೇಕಿಗೇನು ಕೂದ್ಲು ಉದುರ್ತಿತ್ತಾ?” ಎಂದರು.

“ನಮ್ಮಣ್ಣ ಹಾಕಿದ್ದು.”

“ಸೀಮೆಎಣ್ಣೇಲಿ ತೊಳೆದ್ಬುಡ್ತೀನಿ ಬುಡಿ, ಏನೂ ಉಳಿಯಲ್ಲ.”

ಆ ಹೊತ್ತಿಗೆ ವಾಸನೆ ನನಗೂ ಬಂದಿತ್ತು. ಚಿಕ್ಕಂದಿನಲ್ಲಿ ಅಣ್ಣನ ಹಳೇ ಸೈಕಲ್ಲಿನ ಹಿಂದೆ ಕೂತಾಗ ಮೂಗಿಗೆ ಬಡಿಯುತ್ತಿದ್ದ ಅವನ ತಲೆಯ ವಾಸನೆ. ಅವನ ಅಂಗಿಗಳನ್ನೆಲ್ಲ ಆಗಲೇ ಹಂಚಿಬಿಟ್ಟಿದ್ದೆವು.

“ತೊಳೀಬೇಡಿ” ಎಂದೆ.

“ಮತ್ತೆ ಇಂಗೇ ಕಚ್ಕೋತದೆ.”

“ಬಿಸ್ಲು ಬಂದ್ರೆ ಬುಡ್ತದೆ.”

ಸಾಬ್ರು ನನ್ನ ಮುಖವನ್ನೊಮ್ಮೆ ನೋಡಿ ತಂತಿಯನ್ನು ಒಳಕ್ಕೆ ತಳ್ಳಿದರು. “ಹೋಗಿ, ಆ ಗೋಡೆ ತಾವ ಬಿಸ್ಲೈತೆ” ಎಂದು ಟೀ ತರಿಸಿದರು. ಟೀ ಮುಗಿಯುವಷ್ಟರಲ್ಲಿ ಬ್ರೇಕು ತಾನಾಗಿಯೇ ಸಡಿಲಿತು.

ಹಾಗಾಗಿ ಈಗ ದಿನಾ ಬೆಳಿಗ್ಗೆ ಬಾಟಲಿ, ಸೈಕಲ್ಲು, ನಾನು ಮೂವರೂ ಅಂಗಳದಲ್ಲಿ ಬಿಸಿಲು ಕಾಯುತ್ತೇವೆ. ಕೆಲಸಕ್ಕೆ ತಡವಾಗಿ ಬೈಗುಳ ತಿನ್ನುವವನು ನಾನೊಬ್ಬನೇ. ಬೇಸಿಗೆ ಬಂದರೆ ಅಣ್ಣ ಹಾಕಿದ ಎಣ್ಣೆಯೆಲ್ಲ ಕರಗಿ ಸೋರಿಹೋಗುತ್ತದೆ, ಬ್ರೇಕೂ ಸರಿಹೋಗುತ್ತದೆ; ಅದೇ ನನಗೆ ದಿಗಿಲು. ನಿನ್ನೆ ಅತ್ತಿಗೆ ಒಳಗಿದ್ದಾಗ, ಬಾಟಲಿಯಲ್ಲಿ ಕರಗಿದ್ದನ್ನು ಒಂದೆರಡು ಹನಿ ತಂತಿಗೆ ನಾನೇ ಬಿಟ್ಟೆ.