ಹದಿಮೂರನೇ ಸುತ್ತಿನ ನೀರು

ನಾನು ಭೂಮಾಪಕನಾಗಿದ್ದವನು. ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಬದುಗಳ ಮೇಲೆ ಸರಪಳಿ ಎಳೆದುಕೊಂಡು ಓಡಾಡಿಯೇ ಸರ್ವಿಸ್ ಮುಗಿಸಿದೆ. ಅಳತೆಗೆ ಸಿಗದ ಯಾವುದನ್ನೂ ನಂಬುವುದಿಲ್ಲ ಎಂಬುದು ನನ್ನ ದೊಡ್ಡ ಜಂಬವಾಗಿತ್ತು. ಒಮ್ಮೆ ಮೈಮೇಲೆ ದೇವರು ಬಂದವರೊಬ್ಬರು ಗಡಿಕಲ್ಲು ಇಲ್ಲೇ ಇದೆ ಎಂದು ತೋರಿಸಿದ ಕಡೆ ಅಗೆಸಿ, ಬರೀ ಮಣ್ಣು ಸಿಕ್ಕಾಗ ಊರವರೆದುರೇ ಗಹಗಹಿಸಿ ನಕ್ಕಿದ್ದೆ. ಇಂಥವನು ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಎಂದು ಒತ್ತಾಯವೇನಿಲ್ಲ. ಇದನ್ನೇ ಬೇರೆ ಯಾರಾದರೂ ನನಗೆ ಹೇಳಿದ್ದರೆ, ಕಾಫಿ ಕುಡಿಸಿ ಕಳಿಸಿಬಿಡುತ್ತಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಅಕ್ಕ ಪುಟ್ಟತಾಯಮ್ಮ ಹೊಳೆನರಸೀಪುರದ ಪಕ್ಕದ ಹಳ್ಳಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು. ಒಂದು ಕಾಲಕ್ಕೆ ಗದ್ದೆ ನಾಟಿಯಲ್ಲಿ ಅವಳನ್ನು ಹಿಂದೆ ಹಾಕುವವರೇ ಇರಲಿಲ್ಲ. ಮಂಡಿ ಸವೆದು ಮೂರು ವರ್ಷ ಜಗಲಿ ಇಳಿಯಲಾಗಲಿಲ್ಲ. ಕೊನೆಗೆ ಹಾಸನದಲ್ಲಿ ಎರಡೂ ಮಂಡಿಗೆ ಆಪರೇಷನ್ ಮಾಡಿಸಿದೆವು. ಇನ್ನು ಧೈರ್ಯವಾಗಿ ನಡೆಯಮ್ಮ ಎಂದರು ಡಾಕ್ಟರು. ಇವಳು ನಡೆಯಲಿಲ್ಲ. ಮತ್ತೆ ಬಿದ್ದರೆ ಏಳಲಾರೆನೆಂಬ ಹೆದರಿಕೆ. ಗಂಡಾಳಿನ ಹಾಗೆ ದುಡಿದ ಹೆಂಗಸು ಹೊಸ್ತಿಲ ಹತ್ತಿರ ನಿಂತು ನಡುಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಒಂದು ದಿನ ರೇಗಿ ಕೇಳಿದೆ, "ಏನ್ ಮಾಡಿದ್ರೆ ನಡೀತೀಯಕ್ಕ ನೀನು?"

"ಒಳೆ ಓಗಿ ಸಮುದ್ರ ಸೇರೋದ ನೋಡ್ಬೇಕು ಕಣ್ಲಾ," ಎಂದಳು. ತಡವರಿಸಲೇ ಇಲ್ಲ. ಎಷ್ಟು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಳೋ.

ನಮ್ಮ ಹೇಮಾವತಿ ಕಾವೇರಿಗೆ ಸೇರಿ, ಪೂರ್ವಕ್ಕೆ ಹರಿದು, ತಮಿಳುನಾಡಿನಲ್ಲಿ ಸಮುದ್ರ ಸೇರುತ್ತದೆ ಎಂದು ನಾನು ಪಾಠ ಶುರುಮಾಡಿದೆ. ಅವಳು ಕೈಯಾಡಿಸಿ ನಿಲ್ಲಿಸಿದಳು. "ಯಾವ್ದೋ ಒಂದ್ ಒಳೆ ತೋರ್ಸು, ಸಾಕು. ಆದ್ರೆ ನನ್ ಕಾಲಲ್ಲೇ ನಡ್ಕಂಡ್ ಓಗ್ಬೇಕು. ಗಾಲಿ ಕುರ್ಚೀಲಿ ಕೂರಿಸ್ಕಂಡು ತಳ್ಳಂಗಿದ್ರೆ ನಾ ಬರಾಕಿಲ್ಲ."

ಅಂದಿನಿಂದ ನನಗೆ ಕೆಲಸ ಸಿಕ್ಕಿತು. ನಾಲ್ಕು ದಿನದ ಪ್ರಯಾಣ. ಶಿರಾಡಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಕಡಲ ಪಕ್ಕದಲ್ಲೇ ಉತ್ತರಕ್ಕೆ. ಕಾರು ಓಡಿಸುವವಳು ನನ್ನ ಹೆಂಡತಿ ಶಾರದೆ. ನನಗೆ ಸೈಕಲ್ಲಿನ ಆಚೆ ಯಾವ ವಾಹನವೂ ಒಲಿಯಲಿಲ್ಲ. ದಿನಕ್ಕೊಂದೇ ನಡಿಗೆ. ಏರಿಳಿತ ಇರಬಾರದು, ಮೆಟ್ಟಿಲು ಇರಬಾರದು, ಕಾರು ಹತ್ತಿರದ ತನಕ ಹೋಗಬೇಕು. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಒಂದೊಂದು ದಾರಿಯನ್ನೂ ಅಳೆದು ಹಾಳೆಯಲ್ಲಿ ಬರೆದೆ. ಕೊನೆಯ ದಿನದ್ದೇ ದೊಡ್ಡ ನಡಿಗೆ. ಉಡುಪಿಯಿಂದಾಚೆ ಮೀನುಗಾರರ ಸಣ್ಣ ಊರೊಂದರಲ್ಲಿ, ತೆಂಗಿನ ತೋಪಿನಿಂದ ಹೊಳೆ ಸಮುದ್ರ ಸೇರುವ ಅಳಿವೆಯ ತನಕ, ಒಂಬೈನೂರು ಮೀಟರು.

ಮೀಟರು ಅಕ್ಕನಿಗೆ ತಲೆಗೆ ಹೋಗದು. ಮನೆ ಮುಂದೆ ರಾಗಿ ಒಣಗಿಸುವ ಸಿಮೆಂಟು ಕಣವಿದೆ. ಸಂಕ್ರಾಂತಿ ಕಳೆದು ಖಾಲಿಯಾಗಿತ್ತು. ಟೇಪು ಹಿಡಿದು ಅಳೆದೆ. ಅಂಚಿಗೆ ಒಂದು ಸುತ್ತು ಬಂದರೆ ಸರಿಯಾಗಿ ಐವತ್ತು ಮೀಟರು. ಅಂದರೆ ಮೊದಲ ದಿನದ ನಡಿಗೆ ನಾಲ್ಕು ಸುತ್ತು, ಕೊನೆಯ ದಿನದ್ದು ಹದಿನೆಂಟು. ಇದು ಅವಳಿಗೆ ಅರ್ಥವಾಯಿತು. ಒಕ್ಕಣೆಗೆ ಯಂತ್ರ ಬಂದರೂ ನಮ್ಮಲ್ಲಿ ಕಣವನ್ನು ಚಪ್ಪಲಿ ಕಾಲಲ್ಲಿ ತುಳಿಯುವುದಿಲ್ಲ. ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಶೂ ಜಗಲಿಯ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿದಳು. "ಎತ್ತು ತಿರುಗ್ಸಿದಂಗೆ ತಿರುಗಿಸ್ತೀಯಲ್ಲೋ ತಮ್ಮಾ," ಎಂದು ಬೈಯುತ್ತಲೇ ಬಲಕ್ಕೆ ಸುತ್ತು ಹೊರಟಳು.

ಭಾನುವಾರ ಹಾಸನದಿಂದ ನಾವಿಬ್ಬರೂ ಹೋಗುತ್ತಿದ್ದೆವು. ಅವಳಿಗೆ ಬೇಸರವಾಗದಿರಲಿ ಎಂದು ನಾನು ಕಣದ ನಡುವೆ ಸ್ಟೂಲು ಹಾಕಿಕೊಂಡು ಹಾಳೆ ನೋಡಿ ಓದುತ್ತಿದ್ದೆ. "ಈಗ ತೆಂಗಿನ ತೋಪು ಮುಗೀತು. ಎಡಗಡೆ ಸಮುದ್ರ. ಮುಂದೆ ದೋಣಿಗಳು." ಶಾರದೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ನಗುತ್ತಿದ್ದಳು.

ಐದನೇ ಭಾನುವಾರ ಅಕ್ಕ ಮೊದಲ ಬಾರಿಗೆ ಹದಿಮೂರನೇ ಸುತ್ತು ಮುಟ್ಟಿದಳು. ಅರ್ಧ ಸುತ್ತು ಬಂದವಳು ತಟ್ಟನೆ ನಿಂತಳು. ಸೀರೆಯ ನೆರಿಗೆ ಎತ್ತಿಕೊಂಡು ಎಡಕ್ಕೆ ಮೂರು ಹೆಜ್ಜೆ ಸರಿದು, ಕಣದ ಅಂಚಿನಾಚೆ ಮಣ್ಣಿನಲ್ಲಿ ಸ್ವಲ್ಪ ದೂರ ನಡೆದು ಮತ್ತೆ ಕಣಕ್ಕೆ ಬಂದಳು.

"ಯಾಕಕ್ಕ?" ಎಂದೆ.

"ನೀರೈತಲ್ಲ," ಎಂದಳು, ಗೊತ್ತಿದ್ದೂ ಕೇಳುವವನನ್ನು ನೋಡುವ ಹಾಗೆ.

ಒಣಗಿ ಕಾದ ಸಿಮೆಂಟು. ನಾನು ಆಟವಾಡಿಸುತ್ತಿದ್ದೇನೆ, ಅವಳೂ ಆಡುತ್ತಿದ್ದಾಳೆ ಎಂದುಕೊಂಡು ಬಿಟ್ಟೆ. ಮುಂದಿನ ಭಾನುವಾರವೂ ಹದಿಮೂರನೇ ಸುತ್ತಿನಲ್ಲಿ, ಅದೇ ಜಾಗದಲ್ಲಿ, ಅದೇ ಮೂರು ಹೆಜ್ಜೆ. ಅದರ ಮುಂದಿನ ವಾರವೂ ಅಷ್ಟೆ. ಅಳತೆ ಕೆಡುತ್ತದೆ ಎಂದು ನನಗೆ ಕಿರಿಕಿರಿಯಾಗುತ್ತಿತ್ತೇ ಹೊರತು ಬೇರೇನೂ ಅನ್ನಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಹೊರಟೆವು. ಮೊದಲ ಮೂರು ದಿನದ ನಡಿಗೆಗಳು ಹೂವೆತ್ತಿದ ಹಾಗೆ ಮುಗಿದವು. ಮೊದಲ ಸಲ ಸಮುದ್ರ ಕಂಡಾಗ ಅಕ್ಕ ಕೈಮುಗಿದು, "ಇಷ್ಟೊಂದ್ ನೀರಾ!" ಎಂದಳು. ನಾಲ್ಕನೆಯ ದಿನ ಬೆಳಗ್ಗೆ ಬಿಸಿಲೇರುವ ಮೊದಲೇ ತೋಪಿನ ಹತ್ತಿರ ಕಾರು ನಿಲ್ಲಿಸಿದೆವು. ಮರಳು ಒಣಗಿ, ತಟ್ಟಿದ ನೆಲದಂತೆ ಕಣ್ಣಿಗೆ ಕಾಣುವಷ್ಟು ದೂರವೂ ಸಮನಾಗಿತ್ತು. ಅಕ್ಕ ಮುಂದೆ, ನಾನು ಪಕ್ಕದಲ್ಲಿ ಹೆಜ್ಜೆ ಎಣಿಸುತ್ತಾ, ಶಾರದೆ ಹಿಂದೆ ಫ್ಲಾಸ್ಕು ಹಿಡಿದು.

ಹನ್ನೆರಡು ಸುತ್ತಿನಷ್ಟು ದೂರ ನಡೆದಾಗಿತ್ತು. "ಅದಿಮೂರು ಸುರುವಾಯ್ತು ಕಣಕ್ಕ, ಎಲ್ಲಿ ನಿನ್ ನೀರು?" ಎಂದು ಕೆಣಕಿದೆ. ಅವಳು ಇನ್ನಷ್ಟು ನಡೆದು ನಿಂತಳು. ನೆರಿಗೆ ಎತ್ತಿಕೊಂಡು ಎಡಕ್ಕೆ, ಸಮುದ್ರದ ಕಡೆಗೇ ಸರಿದಳು. "ಅತ್ಲಾಗ್ ಓಗ್ಬ್ಯಾಡ, ಅಲೆ ಬತ್ತದೆ!" ಎಂದು ಕೂಗಿ, ದಾರಿ ಎಷ್ಟು ಗಟ್ಟಿಯಾಗಿದೆ ತೋರಿಸೋಣವೆಂದು ನಾನು ನೇರ ಮುಂದೆ ನಡೆದೆ.

ಮೂರನೇ ಹೆಜ್ಜೆಗೆ ಬಲಗಾಲು ತೊಡೆಯ ತನಕ ಕುಸಿಯಿತು. ಮುಖ ಅಡಿಯಾಗಿ ಬಿದ್ದೆ. ಮೇಲೆ ರೊಟ್ಟಿಯಷ್ಟು ದಪ್ಪ ಒಣ ಮರಳು, ಕೆಳಗೆ ತಣ್ಣನೆ ನೀರು, ಕೆಸರು. ಶಾರದೆ ಬಂದು ರಟ್ಟೆ ಹಿಡಿದು ಎಳೆಯದಿದ್ದರೆ ನಾನಾಗಿ ಏಳುತ್ತಿರಲಿಲ್ಲ. ನನ್ನ ಜಾಗದಲ್ಲಿ ಅಕ್ಕನ ಹೊಸ ಮಂಡಿ ಇದ್ದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಅವಳು ಅಲೆ ಬಡಿದು ಗಟ್ಟಿಯಾದ ಒದ್ದೆ ಮರಳಿನ ಮೇಲೆ ನೆಟ್ಟಗೆ ನಿಂತಿದ್ದಳು. "ಏನ್ಲಾ, ನಿಂಗೂ ಮಂಡಿ ಆಪ್ರೇಸನ್ ಮಾಡ್ಸ್ಬೇಕಾ?" ಎಂದು ನಕ್ಕಳು.

ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ಓಡಿ ಬಂದರು. ತೋಪಿನ ಕಡೆಯ ತೊರೆಯೊಂದು ಮರಳಿನಡಿ ದಾರಿ ಮಾಡಿಕೊಂಡಿದೆಯಂತೆ. ಹಾಗೆ ಆಗಿ ನಾಲ್ಕೇ ದಿನವಾಯಿತಂತೆ. ಅದಕ್ಕೆ ಮೊದಲು ಅಲ್ಲಿ ನೀರಿರಲಿಲ್ಲವಂತೆ.

ಉಳಿದ ದಾರಿಯನ್ನು ಅಕ್ಕ ಯಾರ ಕೈಯನ್ನೂ ಹಿಡಿಯದೆ ನಡೆದಳು. ಹೊಳೆಯ ಹಸಿರು ನೀರು ಬಂದು ಸಮುದ್ರಕ್ಕೆ ತಾಗಿ, ಹಿಂಜರಿದು, ಮತ್ತೆ ನುಗ್ಗುವಲ್ಲಿ ಹೋಗಿ ನಿಂತಳು. ಎರಡೂ ಕೈ ಮೇಲೆತ್ತಿ, ಹಳ್ಳಿಯಲ್ಲಿ ಗದ್ದೆಯ ಆಚೆ ಬದುವಿನವರನ್ನು ಕೂಗುವ ದನಿಯಲ್ಲಿ, "ಬಂದೆ ಕಣ್ರೋ!" ಎಂದು ಕೂಗಿದಳು. ದೋಣಿಯವರು ತಿರುಗಿ ನೋಡಿ ಅವರೂ ಕೂಗಿದರು. ಅಷ್ಟು ಖುಷಿಯನ್ನು ನಾನು ಆಮೇಲೆ ಕಂಡಿಲ್ಲ. ಮೈಯೆಲ್ಲ ಕೆಸರಾಗಿದ್ದ ನಾನು ನಾಚಿಕೆ ಬಿಟ್ಟು ಅತ್ತೆ.

ಕಾಫಿ ಕುಡಿಯುವಾಗ ಕೇಳಿದೆ, "ಅಲ್ಲಿ ನೀರೈತೆ ಅಂತ ನಿಂಗೆ ಎಂಗಕ್ಕ ಗೊತ್ತಾಯ್ತು?"

ಅವಳು ನನ್ನನ್ನೇ ದಿಟ್ಟಿಸಿದಳು. "ನಂಗೆಲ್ಲಿ ಗೊತ್ತು? ನೀನೇ ಅಲ್ವೇನ್ಲಾ ಓದಿದ್ದು? ಅದಿಮೂರನೇ ಸುತ್ತಿಗೆ ನೀರೈತೆ, ಎಡಕ್ಕೆ ಮೂರೆಜ್ಜೆ ಸರಿ ಅಂತ ವಾರ್ವಾರನೂ ಓದ್ದಲ್ಲ!"

ತಮಾಷೆ ಎಂದು ಶಾರದೆಯ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. "ಓದಿದ್ರಿ ಕಣ್ರೀ," ಎಂದಳು. "ನಾನೂ ಕೇಳಿಸ್ಕಂಡಿದ್ದೀನಿ. ಓದ್ಬುಟ್ಟು ಮತ್ತೆ ನೀವೇ ಯಾಕಕ್ಕ ಅಂತ ಕೇಳೋರು."

ಜೇಬಿನಿಂದ ಹಾಳೆ ತೆಗೆದೆ. ತೋಪು, ದೋಣಿಗಳು, ಅಳಿವೆ. ನೀರಿನ ಮಾತು ಎಲ್ಲೂ ಇಲ್ಲ. ಆ ಮಾತು ಆಡಿದ ನೆನಪೂ ನನಗಿಲ್ಲ. ಊರಿಗೆ ಬಂದ ಮೇಲೆ ಡಾಕ್ಟರಿಗೆ ತೋರಿಸಿಕೊಂಡೆ, ನನ್ನ ಕಿವಿ, ತಲೆ ಎಲ್ಲ ಸರಿಯಾಗಿವೆ ಎಂದರು. ಇಬ್ಬರು ಹೆಂಗಸರು ಸೇರಿ ನಾಲ್ಕು ವರ್ಷದಿಂದ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ ಎನ್ನೋಣವೆಂದರೆ, ಮರಳಿನಡಿ ನೀರು ಅವರ ಮಾತು ಕೇಳಿ ಬರುವುದಿಲ್ಲವಲ್ಲ.

ಅಕ್ಕ ಈಗ ದಿನಕ್ಕೆ ಮೂವತ್ತು ಸುತ್ತು ನಡೆಯುತ್ತಾಳೆ. ವರ್ಷಕ್ಕೊಂದು ಅಳಿವೆ ನೋಡುತ್ತೇವೆ. ಭಾನುವಾರದ ಓದು ತಪ್ಪಿಲ್ಲ. ಓದುವಾಗ ನನ್ನ ಬಾಯಿಗೆ ನಾನೇ ಕಿವಿಗೊಟ್ಟು ಕೂತಿರುತ್ತೇನೆ, ಬರೆದದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಮೊನ್ನೆ ಮೊಬೈಲಿನಲ್ಲಿ ರೆಕಾರ್ಡು ಮಾಡು ಎಂದು ಶಾರದೆಗೆ ಹೇಳಿದೆ. ಅಕ್ಕ ಕಣದ ನಡುವೆ ಬಂದು ಮೊಬೈಲನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದನ್ನೆಲ್ಲ ಕೆದಕ್ಬ್ಯಾಡ. ನೀ ಓದು, ನಾ ನಡೀತೀನಿ," ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಹೊರಟುಬಿಟ್ಟಳು.