ಐವತ್ತು ದಾಟದ ಫಕ್ಕೀರಣ್ಣ

ಫಕ್ಕೀರಣ್ಣ, ಅಂದು ನೀನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ನನ್ನ ಪಿಕಪ್ ಗಾಡಿಯ ಮೀಟರು. ಅದು ಸುಳ್ಳು ಹೇಳುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ನಿನಗೆ ಹೇಳಲಿಲ್ಲ. ನಿನ್ನ ಹೆಂಡತಿ ಗಂಗವ್ವ ಸತ್ತದ್ದು ನಿನ್ನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಇಷ್ಟು ಸಾಲು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು.

ನೀನು ನನ್ನ ಅಪ್ಪನ ಕಾಲದಿಂದಲೂ ನಮ್ಮ ಮನೆಯ ಡ್ರೈವರ್. ಸವಣೂರಿನ ನಮ್ಮ ತೋಟದ ವೀಳ್ಯದೆಲೆಯನ್ನು ಹಾನಗಲ್, ಅಕ್ಕಿಆಲೂರು, ಹಿರೇಕೆರೂರಿನ ಸಂತೆಗಳಿಗೆ ಮುಟ್ಟಿಸುವುದು ನಿನ್ನ ಕೆಲಸ. ಅಪ್ಪ ನಿನಗೆ ಹಾಕಿದ್ದು ಒಂದೇ ಕಟ್ಟಳೆ: "ಎಲಿ ಹೇರಿದಾಗ ಮುಳ್ಳು ಐವತ್ತ ದಾಟಬಾರ್ದು ನೋಡಪಾ. ಗಾಳಿ ಬಡದು ಎಲಿ ಅಂಚು ಒಣಗತಾವ." ಬುಟ್ಟಿಗಳ ಮೇಲೆ ಹಸಿ ಗೋಣಿತಟ್ಟು ಹೊದಿಸಿ, ಮೀಟರಿನ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟು ನೀನು ಹೊರಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೂ ನೀನು ಆ ಮಾತು ಬಿಡಲಿಲ್ಲ. ಖಾಲಿ ಗಾಡಿಯನ್ನೂ ಐವತ್ತರಲ್ಲೇ ತರುತ್ತಿದ್ದೆ. ಫಕ್ಕೀರಣ್ಣನ ಗಾಡಿ ಚಕ್ಕಡಿಗಿಂತ ತುಸು ಜೋರು ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೊಳಗೇ ಕುದಿಯುತ್ತಿದ್ದೆ. ಬೇರೆಯವರ ಎಲೆಗೆ ಗಿರಾಕಿಗಳು ಮುತ್ತಿಕೊಂಡ ಮೇಲೆ ನಮ್ಮ ಗಾಡಿ ಸಂತೆಗೆ ಬರುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ತೋಟದ ದಾರಿಯ ಎರೆಮಣ್ಣಿನ ಕೆಸರಿಗೆ ಗಾಡಿಯ ಹೊಟ್ಟೆ ತಾಗತೊಡಗಿತು. ನಾನು ಶಿಗ್ಗಾಂವಿಯ ಒಂದು ಗ್ಯಾರೇಜಿಗೆ ಒಯ್ದು ಗಾಡಿಯನ್ನು ಎತ್ತರ ಮಾಡಿಸಿದೆ, ದೊಡ್ಡ ಟೈರು ಹಾಕಿಸಿದೆ. ಕೆಸರು ಬರೀ ನೆಪ ಎಂದರೆ ತಪ್ಪಾದೀತು, ಕೆಸರು ಇತ್ತು. ಅಂಥ ಗಾಡಿ ಊರಲ್ಲಿ ಇನ್ನೊಬ್ಬರದಿಲ್ಲ ಎಂಬ ಸೊಕ್ಕೂ ಇತ್ತು. ಕೀಲಿ ಕೊಡುವಾಗ ಗ್ಯಾರೇಜಿನವನು ಒಂದು ಮಾತು ಹೇಳಿದ:

"ಇನ್ನ ಮುಳ್ಳು ಐವತ್ತ ತೋರಿಸಿದ್ರ ಗಾಡಿ ಅರವತ್ತರ ಹತ್ರ ಓಡ್ತಿರ್ತೈತ್ರಿ. ಗಾಲಿ ದೊಡ್ಡವಾದ್ವು, ಮೀಟರಿಗೆ ಅದು ಗೊತ್ತಾಗೂದಿಲ್ಲ. ಬ್ರೇಕ ಹಾಕಿದ್ರೂ ಮೊದಲಿನಂಗ ಗಪ್ಪನ ನಿಲ್ಲಂಗಿಲ್ಲ. ಎತ್ತರ ಆಗೈತಿ, ತಿರುವಿನ್ಯಾಗ ವಾಲತೈತಿ. ಡ್ರೈವರ್ಗ ತಪ್ಪದ ಹೇಳ್ರಿ."

ಕೇಳಿಸಿಕೊಂಡೆ. ಸವಣೂರಿಗೆ ಮರಳುವ ದಾರಿಯಲ್ಲಿ ಒಂದು ಯೋಚನೆ — ಅದನ್ನು ಹೇಗೆ ಬರೆಯಲಿ — ಒಂದು ಹಲ್ಕಾ ಯೋಚನೆ ಹೊಳೆಯಿತು. ಹೇಳದೇ ಇದ್ದರೆ? ಐವತ್ತು ಎಂದುಕೊಂಡೇ ನೀನು ಅರವತ್ತರ ಹತ್ತಿರ ಓಡಿಸುತ್ತೀಯ. ನಿನ್ನ ನೇಮವೂ ಉಳಿಯುತ್ತದೆ, ನನ್ನ ಎಲೆಯೂ ಬೇಗ ಮುಟ್ಟುತ್ತದೆ. ನಾನು ನಕ್ಕೆ, ಫಕ್ಕೀರಣ್ಣ. ಒಬ್ಬನೇ ಕುಳಿತು ನಕ್ಕೆ. ನಿನ್ನ ಪ್ರಾಮಾಣಿಕತನವನ್ನೇ ನೊಗಕ್ಕೆ ಹೂಡಿಕೊಂಡೆನಲ್ಲ ಎಂಬ ಹಿಗ್ಗು ಅದು.

ಗಾಡಿ ನಿಜಕ್ಕೂ ಬೇಗ ಮುಟ್ಟತೊಡಗಿತು. ಎಲೆಯ ಅಂಚೂ ಒಣಗತೊಡಗಿತು. ಯಾಕೆಂದು ತಿಳಿಯದೆ ನೀನು ತಟ್ಟನ್ನು ಇನ್ನಷ್ಟು ತೋಯಿಸಿ ಹೊದಿಸುತ್ತಿದ್ದೆ. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ. ಎತ್ತರದಲ್ಲಿ ಕುಳಿತವನಿಗೆ ನೆಲ ನಿಧಾನವಾಗಿ ಸರಿದಂತೆ ಕಾಣುತ್ತದೆ, ಹಾಗಾಗಿ ವೇಗದ ಅಂದಾಜು ನಿನಗೂ ಸಿಗಲಿಲ್ಲ. ಆದರೆ ಗಾಡಿಯ ಮೈ ನಿನಗೆ ಗೊತ್ತಾಗಿತ್ತು. ಒಂದು ದಿನ ನೀನೇ ಬಂದು ನನ್ನ ಮುಂದೆ ನಿಂತೆ.

"ಸಾವಕಾರ್ರ, ಗಾಡಿ ಯಾಕೋ ಮೊದಲಿನಂಗ ಇಲ್ರಿ. ತಿರುವಿನ್ಯಾಗ ವಾಲತೈತಿ. ಬ್ರೇಕ ಒತ್ತಿದ್ರ ಇನ್ನೂ ನಾಕ ಮಾರು ಮುಂದ ಹೋಗಿ ನಿಲ್ಲತೈತಿ."

"ಕತ್ತಿ ಬೆನ್ನಿಂದ ಇಳದು ಕುದುರಿ ಹತ್ತೀದಿ ಫಕ್ಕೀರಣ್ಣ, ಅದಕ ಹಂಗ ಅನಸ್ತೈತಿ" ಎಂದೆ.

ನೀನು ನಕ್ಕೆ. "ಮುಳ್ಳು ನೋಡ್ಕೋಂತ ಹೊಡಿತೇನಿ ಬಿಡ್ರಿ" ಎಂದು ಹೋದೆ. ಆ ಮುಳ್ಳನ್ನು ನಂಬಬೇಡ ಎಂದು ಕೂಗಿದ್ದರೆ ಸಾಕಿತ್ತು. ನೀನಿನ್ನೂ ಅಂಗಳದಲ್ಲೇ ಇದ್ದೆ — ಕೂಗಲಿಲ್ಲ.

ಅದಾದ ಕೆಲವೇ ದಿನಗಳಿಗೆ ನೀನು ಅಕ್ಕಿಆಲೂರಿನಲ್ಲಿ ಅರ್ಧ ಎಲೆ ಇಳಿಸಿ ಹಿರೇಕೆರೂರಿನ ದಾರಿ ಹಿಡಿದಿದ್ದೆ. ಗಂಗವ್ವ ತವರಿಗೆಂದು ನಿನ್ನ ಪಕ್ಕದಲ್ಲಿ ಕುಳಿತಿದ್ದಳು. ಗದ್ದೆಗಳ ನಡುವಿನ ತಿರುವಿನಲ್ಲಿ ಭತ್ತ ಹೇರಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ನೀನು ಬ್ರೇಕ್ ತುಳಿದೆ, ಗಾಡಿ ನಿಲ್ಲಲಿಲ್ಲ. ಪಕ್ಕಕ್ಕೆ ತಿರುಗಿಸಿದೆ. ಎತ್ತರದ ಗಾಡಿ ಹೊರಳಿಬಿತ್ತು — ಗಂಗವ್ವ ಕುಳಿತಿದ್ದ ಮಗ್ಗುಲಿಗೇ.

ನಾನು ಹಾನಗಲ್ಲಿನ ಆಸ್ಪತ್ರೆಗೆ ಬರುವಷ್ಟರಲ್ಲಿ ಅವಳ ತಮ್ಮ ನಿನ್ನ ಅಂಗಿ ಹಿಡಿದು ನಿಂತಿದ್ದ. "ಖರೇ ಹೇಳು ಮಾಮಾ, ಎಷ್ಟು ಜೋರ ಹೊಡ್ಯಾಕತ್ತಿದ್ದಿ?" ನಿನ್ನ ಮಗಳು ರೇಣುಕಾ ಗೋಡೆಗೆ ಒರಗಿ ನಿನ್ನನ್ನೇ ನೋಡುತ್ತಿದ್ದಳು. ತಿರುವೆಂದು ಮುಳ್ಳನ್ನು ನಲವತ್ತಕ್ಕೆ ಇಳಿಸಿದ್ದೆ ಎಂದು ನೀನು ಹೇಳುತ್ತಲೇ ಇದ್ದೆ, ಯಾರೂ ನಂಬಲಿಲ್ಲ. ಆಗ ನನ್ನನ್ನು ಕಂಡೆ.

"ಸಾವಕಾರ್ರ, ನೀವರ ಹೇಳ್ರಿ. ನಾ ಎಂದರ ಐವತ್ತ ದಾಟೇನೇನ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಿನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ: "ಮನಷ್ಯಾಗ ಒಮ್ಮೊಮ್ಮೆ ಕೈ ತಪ್ಪತೈತಿ, ಫಕ್ಕೀರಣ್ಣ."

ದೊಡ್ಡ ಮನುಷ್ಯ, ಬೈಯಲಿಲ್ಲ, ಸಮಾಧಾನ ಹೇಳಿದ ಎಂದರು ಸುತ್ತಲಿನವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ನನ್ನ ಮುಖವನ್ನು ಬಹಳ ಹೊತ್ತು ನೋಡಿದೆ. ಆಮೇಲೆ ನಿನ್ನ ಕೈಗಳನ್ನು ನೋಡಿಕೊಂಡೆ. ಅಂದಿನಿಂದ ನೀನು ನಲವತ್ತರ ಮಾತು, ಐವತ್ತರ ಮಾತು ಎತ್ತಲೇ ಇಲ್ಲ. ಕೋರ್ಟಿನಲ್ಲಿ "ತಪ್ಪು ನಂದ ಐತ್ರಿ" ಎಂದು ಒಪ್ಪಿಕೊಂಡು ಜೈಲಿಗೆ ಹೋದೆ.

ವಿಚಾರಣೆಗೆ ಬಂದವರು ನನ್ನನ್ನೂ ಕೇಳಿದ್ದರು. ಗಾಡಿ ಬದಲಿಸಿದ್ದನ್ನೆಲ್ಲ ಡ್ರೈವರಿಗೆ ತಿಳಿಸಿ ಎಚ್ಚರ ಹೇಳಿದ್ದೆ ಎಂದೆ. ನಾಲಿಗೆ ತಡವರಿಸಲೇ ಇಲ್ಲ. ಗ್ಯಾರೇಜಿನವನೂ ಬಾಯಿ ಬಿಡಲಿಲ್ಲ, ಅವನನ್ನು ದೂರಲು ನನಗೆ ಮುಖವಿಲ್ಲ. ಗಾಡಿಯನ್ನು ರಿಪೇರಿ ಮಾಡಿಸಿ, ಹಳೆಯ ಅಳತೆಯ ಟೈರು ಹಾಕಿಸಿ ಮಾರಿಬಿಟ್ಟೆ. ಆ ಗಾಡಿಯನ್ನು ಕಣ್ಣಿಂದ ನೋಡಲಾರದೆ ಮಾರಿದ, ಪಾಪ, ಎಂದು ಜನ ನನಗೇ ಮರುಗಿದರು. ನಾನು ಆ ಮರುಕವನ್ನೂ ತೆಗೆದುಕೊಂಡೆ.

ಹೋದ ತಿಂಗಳು ಹಿರೇಬೆಂಡಿಗೇರಿಗೆ ಬಂದದ್ದು ಎಲ್ಲ ಹೇಳಿಬಿಡಲೆಂದೇ. ರೇಣುಕಾಳ ಮನೆಯ ಕಟ್ಟೆಯ ಮೇಲೆ ನೀನು ಕುಳಿತಿದ್ದೆ. ಅವಳು ನನ್ನ ಕೈಗೆ ಚಹಾ ಕೊಟ್ಟಳು. ನಿನ್ನ ಲೋಟವನ್ನು ಮಾತ್ರ ನೆಲದ ಮೇಲಿಟ್ಟು, ನಿನ್ನ ಕಡೆ ನೋಡದೆ ಒಳಗೆ ಹೋದಳು. ಎಷ್ಟೋ ವರ್ಷದ ರೂಢಿ ಎಂಬಂತೆ ನೀನು ಬಾಗಿ ಎತ್ತಿಕೊಂಡೆ. ಹೇಳಲು ಬಂದದ್ದನ್ನು ಬಿಟ್ಟು ನಾನು ಚಹಾ ಕುಡಿದೆ. ತೋಟದ ಸುದ್ದಿ ಕೇಳಿದೆ ನೀನು, ನನ್ನ ಮಕ್ಕಳ ಸುದ್ದಿ ಕೇಳಿದೆ. ನಾನು ಎದ್ದು ನಿಂತಾಗ ನನ್ನ ಈಗಿನ ಡ್ರೈವರನನ್ನು ತೋರಿಸಿ ನೀನು ಹೇಳಿದೆ:

"ಅವಗ ನಿಧಾನ ಹೊಡಿ ಅಂತ ಹೇಳ್ರಿ, ಸಾವಕಾರ್ರ. ನನ್ನಂಗ ಮಾಡ್ಕೋಬಾರ್ದು."

ನೀನೂ ನಂಬಿಬಿಟ್ಟಿದ್ದೀಯ — ಅಂದು ಜೋರಾಗಿ ಹೊಡೆದೆ, ನೀನೇ ಅವಳನ್ನು ಕೊಂದೆ ಎಂದು. ಗಂಗವ್ವನನ್ನು ಕಳೆದದ್ದು ಸಾಲದು ಎಂಬಂತೆ, ನಿನ್ನ ಕಣ್ಣಾರೆ ಕಂಡದ್ದರ ಮೇಲಿನ ನಂಬಿಕೆಯನ್ನೂ ನಾನು ಕಿತ್ತುಕೊಂಡೆ.

ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ. ಮೊದಲು ರೇಣುಕಾಳಿಗೆ ಹೇಳುತ್ತೇನೆ, ಆಮೇಲೆ ಅವಳ ಸೋದರಮಾವನಿಗೆ, ಅಲ್ಲಿಂದ ಪೊಲೀಸ್ ಠಾಣೆಗೆ. ಅವರು ಏನು ಮಾಡಿದರೂ ಸರಿ. ನಿನ್ನಲ್ಲಿ ಮಾತ್ರ ಕ್ಷಮೆ ಕೇಳುವುದಿಲ್ಲ, ಫಕ್ಕೀರಣ್ಣ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.